ಅವಳು ಮಾತ್ರ ಕಂಡ ಮೂರು ಬೆಳಕು

"ಅಲ್ಲಾಡಬೇಡಿ... ಬೆಳಕನ್ನೇ ನೋಡಿ."

ಅವಳು ಪುಟ್ಟ ಟಾರ್ಚನ್ನು ಅವನ ಎಡಗಣ್ಣಿನ ಹತ್ತಿರ ಹಿಡಿದಳು. ಪರದೆ ಎಳೆದ ಕತ್ತಲೆ ಕೋಣೆ. ಇಬ್ಬರ ಮುಖದ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ದಿನಾ ಹತ್ತಾರು ಕಣ್ಣು ಪರೀಕ್ಷೆ ಮಾಡುವವಳಿಗೆ ಇದೇನೂ ಹೊಸದಲ್ಲ. ಆದರೆ ಈ ಕಣ್ಣು... ಬೆಳಕು ನೋಡು ಎಂದರೆ ಅವಳನ್ನೇ ನೋಡುತ್ತಿತ್ತು!

"ಬೆಳಕನ್ನು ನೋಡಿ ಅಂದೆ."

"ನೋಡ್ತಾ ಇದೀನಿ ಮೇಡಂ. ಒಂದು ಮಾತು ಕೇಳಬಹುದಾ?"

"ಕೇಳಿ."

"ಮೂರು ವರ್ಷದ ಹಿಂದೆ ನೀರಿನ ಟ್ಯಾಂಕ್ ಮೇಲೆ ಏನೋ ಬೆಳಕು ಕಾಣಿಸಿಕೊಂಡಿತ್ತಲ್ಲ... ಅದನ್ನ ನೋಡಿದವರು ನೀವೇ ತಾನೇ?"

ಅವಳು ಟಾರ್ಚ್ ಆರಿಸಿ, ಪರದೆಯನ್ನು ಸರ್ರನೆ ಸರಿಸಿದಳು. ಬಿಸಿಲು ಒಳಗೆ ನುಗ್ಗಿತು.

"ಎದ್ದೇಳಿ."

"ಮೇಡಂ, ನಾನು ಟೀವಿಯವನಲ್ಲ. ಲಿಫ್ಟ್ ರಿಪೇರಿ ಮಾಡೋನು. ರಜೆ ದಿನ ಇಂಥ ವಿಷಯಗಳ ಬಗ್ಗೆ..."

"ಯಾರಾದ್ರೂ ಆಗಿ! ನಾನು ಏನೂ ನೋಡಿಲ್ಲ. ಹೋಗಿ ಹೊರಗೆ!"

ಅವನು ಗಡಿಬಿಡಿಯಲ್ಲಿ ಎದ್ದ. ಸ್ಟೂಲಿಗೆ ಮೊಣಕಾಲು ತಗುಲಿತು. ನೋವನ್ನು ನುಂಗಿಕೊಂಡು, "ಕೇಳಿದ ರೀತಿ ತಪ್ಪಾಯ್ತು. ಕ್ಷಮಿಸಿ," ಎಂದು ಕುಂಟುತ್ತಾ ಬಾಗಿಲ ಕಡೆ ನಡೆದ.

ಹೋಗಲಿ ಪೀಡೆ! ಎಂದುಕೊಂಡಳು. ಆದರೆ ಮಾಡುವ ಕೆಲಸಕ್ಕೆ ಮೋಸ ಮಾಡಲು ಅವಳಿಗೆ ಬಾರದು.

"ನಿಲ್ಲಿ! ಎಡಗಣ್ಣಿಗೆ ಪವರ್ ಬೇಕು. ಹೀಗೇ ಬಿಟ್ಟರೆ ತಲೆನೋವು ಶುರುವಾಗುತ್ತೆ."

"ಈಗಾಗಲೇ ಶುರುವಾಗಿದೆ ಮೇಡಂ."

"ನನಗೂ ಶುರುವಾಗಿದೆ. ನೀವು ಬಂದ ಮೇಲೆ!"

ಅವನು ನಕ್ಕುಬಿಟ್ಟ. ಅವಳು ನಗಲಿಲ್ಲ. ನಗು ಬಂದಿರಲಿಲ್ಲ ಎಂದಲ್ಲ, ತುಟಿ ಕಚ್ಚಿ ಹಿಡಿದಿದ್ದಳು.

*

ಆ ಸಂಜೆಯ ನೆನಪಾದರೆ ಈಗಲೂ ಅವಳ ಕಿವಿ ಬಿಸಿಯಾಗುತ್ತಿತ್ತು.

ಅವಳ ಮದುವೆಯ ದಿನ ಗೊತ್ತುಮಾಡಲು ಗಂಡಿನ ಕಡೆಯವರು ಮನೆಗೆ ಬಂದಿದ್ದರು. ನಡುಮನೆಯಲ್ಲಿ ಅಣ್ಣ, ಅತ್ತಿಗೆ, ಗಂಡು, ಅವನ ಅಪ್ಪ ಅಮ್ಮ. ಮೋಡ ಕವಿದಿದೆ ಎಂದು ಅವಳು ಒಣಹಾಕಿದ ಬಟ್ಟೆ ತರಲು ತಾರಸಿಗೆ ಓಡಿದ್ದಳು.

ಆಗ ಕಂಡಿತು.

ನೀರಿನ ಟ್ಯಾಂಕಿನ ಮೇಲೆ ಕಿತ್ತಳೆ ಬಣ್ಣದ ಮೂರು ಬೆಳಕು. ಸದ್ದಿಲ್ಲ. ಮೂರೂ ಒಂದೇ ವಸ್ತುವಿಗೆ ಅಂಟಿಕೊಂಡ ಹಾಗೆ, ಒಂದನ್ನೊಂದು ಬಿಡದೆ, ನಿಧಾನಕ್ಕೆ ಮೇಲೇರುತ್ತಿದ್ದವು. ಏನು ಚಂದ! ಅವಳು ಉಸಿರಾಡುವುದನ್ನೇ ಮರೆತಳು.

ಇಷ್ಟು ಚಂದದ್ದನ್ನು ಒಬ್ಬಳೇ ನೋಡುವುದು ಹೇಗೆ? ತೋಳಿನ ತುಂಬಾ ಬಟ್ಟೆ ಹೊತ್ತುಕೊಂಡೇ ಕೆಳಗೆ ಓಡಿದಳು. ಎಲ್ಲರ ಎದುರಿಗೇ ಗಂಡಿನ ಕೈ ಹಿಡಿದು ಎಳೆದಳು.

"ಬನ್ನಿ! ಬೇಗ ಬನ್ನಿ, ಆಕಾಶ ನೋಡಿ!"

ಅವರು ಮೇಲೆ ಬರುವಷ್ಟರಲ್ಲಿ ಬರೀ ಮೋಡ.

ಗಂಡು ನಕ್ಕ. ಅವನ ಅಮ್ಮ ನಗಲಿಲ್ಲ. ಎರಡು ದಿನದ ಮೇಲೆ ಫೋನ್ ಬಂತು... "ಹುಡುಗಿ ಒಳ್ಳೆಯವಳೇ, ಆದರೆ ತಲೆ ಸ್ವಲ್ಪ..." ಆಮೇಲೆ ಯಾರೋ ಸುದ್ದಿ ಮುಟ್ಟಿಸಿ, ಒಂದು ಪುಟ್ಟ ಟೀವಿ ಚಾನೆಲ್ಲಿನವರು ಮನೆ ಬಾಗಿಲಿಗೇ ಬಂದರು. 'ಅನ್ಯಗ್ರಹದ ಮದುಮಗಳು' ಎಂದು ಅವಳ ಮುಖ ತೋರಿಸಿದರು. ಹಾರುವ ತಟ್ಟೆ ಕಂಡವಳು ಎಂದು ಓಣಿಯವರು 'ತಟ್ಟೆ' ಎಂದೇ ಅಡ್ಡಹೆಸರಿಟ್ಟರು. ಊರವರ ಕಣ್ಣು ಪರೀಕ್ಷೆ ಮಾಡುವವಳ ಕಣ್ಣೇ ಸರಿಯಿಲ್ಲ ಎಂದು ಅಂಗಡಿಯಲ್ಲೇ ಕಿಸಿಕಿಸಿ ನಕ್ಕವರೂ ಇದ್ದರು.

ಅಣ್ಣ ಒಂದೇ ಮಾತು ಹೇಳಿದ್ದ. "ಪುಟ್ಟಿ, ಇನ್ನು ಮೇಲೆ ಯಾರು ಕೇಳಿದರೂ ಏನೂ ನೋಡಿಲ್ಲ ಅಂದುಬಿಡು."

ಅಂದಿನಿಂದ ಹಾಗೆಯೇ ಅನ್ನುತ್ತಾ ಬಂದಿದ್ದಳು. ಅಂದು ಅಂದು, ಕೊನೆಗೆ ತನಗೇ ಅನುಮಾನ. ನಿಜವಾಗಿ ನೋಡಿದ್ದೆನಾ... ಇಲ್ವಾ?

*

ಕನ್ನಡಕ ಒಯ್ಯಲು ಅವನು ಬಂದಾಗ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಕನ್ನಡಕ ಹಾಕಿಕೊಂಡು ಕನ್ನಡಿಯಲ್ಲಿ ಆ ಕಡೆ ಈ ಕಡೆ ನೋಡಿಕೊಂಡ.

ಅವಳಿಗೇ ತಡೆಯಲಾಗಲಿಲ್ಲ.

"ಈ ಸಲ ಏನೂ ಕೇಳಲ್ವಾ?"

"ಬೈಸಿಕೊಂಡ ಮೇಲೆ ಬುದ್ಧಿ ಬಂತು ಮೇಡಂ."

"ನಾನು ಹೇಳಿದರೆ ನೀವು ನಂಬ್ತೀರಾ?"

ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಸುಮ್ಮನೆ 'ನಂಬ್ತೀನಿ' ಎಂದುಬಿಡಬಹುದಿತ್ತು. ಅನ್ನಲಿಲ್ಲ.

"ಅದು ಹಾರುವ ತಟ್ಟೆ ಅಂತ ಹೇಳಿದರೆ ನಂಬ್ತೀನೋ ಇಲ್ವೋ, ಗೊತ್ತಿಲ್ಲ. ಆದರೆ ನೀವು ಏನೋ ನೋಡಿದ್ದೀರಿ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ನೀವು ಹೇಳೋದನ್ನ ಪೂರ್ತಿ ಕೇಳ್ತೀನಿ. ಅಷ್ಟು ಮಾತ್ರ ಖಂಡಿತ."

ಪೂರ್ತಿ ಕೇಳ್ತೀನಿ...

ಇಷ್ಟು ವರ್ಷದಲ್ಲಿ ಯಾರಾದರೂ ಪೂರ್ತಿ ಕೇಳಿದ್ದರಾ? ಅಣ್ಣ ಅರ್ಧಕ್ಕೇ ತಡೆದಿದ್ದ. ಟೀವಿಯವರು ತಮಗೆ ಬೇಕಾದಷ್ಟೇ ಕತ್ತರಿಸಿಕೊಂಡಿದ್ದರು.

ಅವಳು ಕುರ್ಚಿ ಎಳೆದುಕೊಂಡು ಕೂತಳು. ಹೇಳಿದಳು. ಬಟ್ಟೆಯ ಕ್ಲಿಪ್ಪು ಬಾಯಲ್ಲಿದ್ದದ್ದು, ಗಾಳಿ ತಣ್ಣಗಿದ್ದದ್ದು, ಮೂರು ಬೆಳಕು ಒಟ್ಟಾಗಿ ತೇಲಿದ್ದು, ಎಲ್ಲವನ್ನೂ. ಅವನು ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ.

ಮುಗಿದಾಗ ಕೇಳಿದ್ದು ಒಂದೇ ಪ್ರಶ್ನೆ. "ಆಗ ನಿಮಗೆ ಭಯ ಆಯ್ತಾ?"

"ಇಲ್ಲ," ಎಂದಳು. ಕಣ್ಣು ತುಂಬಿ ಬಂತು. "ಖುಷಿ ಆಯ್ತು... ತುಂಬಾ ಖುಷಿ. ಅದನ್ನೇ ಯಾರೂ ಕೇಳಲಿಲ್ಲ!"

*

ಅಲ್ಲಿಂದ ಅವನು ಆಗಾಗ ಸಂಜೆ ಹೊತ್ತು ಅವರ ಮನೆಯ ತಾರಸಿಗೆ ಬರತೊಡಗಿದ. ಬೆಳಕು ಎಷ್ಟು ಎತ್ತರದಲ್ಲಿತ್ತು, ಯಾವ ಕಡೆ ಸರಿಯಿತು, ಅವತ್ತು ಗಾಳಿ ಎತ್ತ ಬೀಸುತ್ತಿತ್ತು... ಅವಳು ಕೈ ಚಾಚಿ ತೋರಿಸುವುದು, ಅವನು ಅಳೆಯುವುದು. ಅಣ್ಣ ಮುಖ ಗಂಟಿಕ್ಕಿಕೊಂಡು ಕೆಳಗೇ ಪೇಪರ್ ಓದುತ್ತಿದ್ದ. ಅತ್ತಿಗೆ ಮಾತ್ರ ಕಾಫಿ ತಂದುಕೊಟ್ಟು, ನಾದಿನಿಯ ಮುಖವನ್ನೇ ನೋಡಿ, ನಗುತ್ತಾ ಇಳಿದುಹೋಗುತ್ತಿದ್ದಳು.

ಆಕಾಶದಲ್ಲಿ ಕಂಡ ವಿಚಿತ್ರಗಳನ್ನು ಹುಡುಕಿ ನೋಡುವವರದೊಂದು ಸಂಘದಲ್ಲಿ ಅವನಿದ್ದ; ಭಾನುವಾರ ಅಲ್ಲಿಗೂ ಹೋಗಿಬಂದಳು. ಸೈಕಲ್ ಅಂಗಡಿಯ ಮೇಲಿನ ಪುಟ್ಟ ಕೋಣೆ. ಸಂಘ ಎಂದರೆ ಏಳೆಂಟು ಜನ. ಅಧ್ಯಕ್ಷರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಬೇರೆ ಲೋಕದವರು ಬಂದೇ ಬರುತ್ತಾರೆ, ಬಂದಾಗ ಕೂರಲು ಕುರ್ಚಿ ಸಾಲದು ಎಂದು ಅವರಿಗೆ ಒಂದೇ ಚಿಂತೆ! ಒಬ್ಬ ಹಲ್ಲಿನ ಡಾಕ್ಟರು ದುರ್ಬೀನು ತಂದಿದ್ದರು. ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತಾ ಕೂತಿದ್ದ ಅಜ್ಜಿಯೊಬ್ಬರು, "ನೀನೂ ನೋಡಿದೀಯಾ ಮಗಳೇ? ಬಾ, ಪಕ್ಕದಲ್ಲಿ ಕೂತ್ಕೋ," ಎಂದರು. ಅಷ್ಟೇ. ಅಲ್ಲಿ ಯಾರೂ ಅವಳನ್ನು ತಟ್ಟೆ ಎನ್ನಲಿಲ್ಲ.

ತಿಂಗಳುಗಳು ಹೀಗೇ ಉರುಳಿದವು. ಒಂದು ಸಲ ಬೇಕರಿಯವನೊಬ್ಬ ಸಂಘಕ್ಕೆ ದೂರು ತಂದ. ದಿನಾ ಸಂಜೆ ತನ್ನ ಹಿತ್ತಲಿನ ಮೇಲೆ ಹಸಿರು ಬೆಳಕು ನಿಂತು ಮಿಟುಕುತ್ತದೆ, ಹೆಂಡತಿ ತವರಿಗೆ ಹೊರಟು ನಿಂತಿದ್ದಾಳೆ!

ಇವರಿಬ್ಬರೂ ಹೋಗಿ ನೋಡಿದರು. ಎದುರು ಬೀದಿಯ ಮೆಡಿಕಲ್ ಶಾಪಿನ ಹಸಿರು ಬೋರ್ಡಿನ ಬೆಳಕು ಹೊಸ ಕಟ್ಟಡದ ಗಾಜಿಗೆ ಬಡಿದು, ಹಿತ್ತಲಿನ ಮಂಜಿನಲ್ಲಿ ಹೊಳೆಯುತ್ತಿತ್ತು.

ಬೇಕರಿಯವನ ಮುಖ ಸಪ್ಪೆಯಾಯಿತು. "ಮೆಡಿಕಲ್ ಶಾಪಾ? ಅಷ್ಟೇನಾ? ಎಲ್ಲರೂ ನನ್ನ ನೋಡಿ ನಗ್ತಾರೆ ಬಿಡಿ."

"ಯಾಕೆ ನಗಬೇಕು? ನೀವು ನೋಡಿದ್ದು ಸುಳ್ಳಲ್ವಲ್ಲ," ಎಂದ ಅವನು. "ಬೆಳಕು ಅಲ್ಲಿತ್ತು, ನಿಮಗೆ ಕಂಡಿತು. ಎಲ್ಲಿಂದ ಬಂತು ಅನ್ನೋದು ಮಾತ್ರ ಗೊತ್ತಿರಲಿಲ್ಲ. ಎಷ್ಟು ಜನ ಅದನ್ನ ತಲೆ ಎತ್ತಿ ಕೂಡ ನೋಡಿಲ್ಲ, ಗೊತ್ತಾ?"

ಬೇಕರಿಯವನ ಬೆನ್ನು ನೆಟ್ಟಗಾಯಿತು. ಬನ್ನಿನ ಪೊಟ್ಟಣ ಕಟ್ಟಿಕೊಟ್ಟ. ದಾರಿಯಲ್ಲಿ ಇಬ್ಬರೂ ಬಿಸಿ ಬನ್ನು ತಿನ್ನುತ್ತಾ ನಡೆದರು. ಅವನ ಮೂಗಿನ ಮೇಲೆ ಸಕ್ಕರೆ ಪುಡಿ ಅಂಟಿತ್ತು. ಅದನ್ನು ಒರೆಸಲು ಕೈ ಎತ್ತಿದವಳು ಅರ್ಧದಲ್ಲೇ ತಡೆದುಕೊಂಡಳು.

ಅಯ್ಯೋ ದೇವರೇ... ಇವನನ್ನು ಕಂಡರೆ ನನಗೆ ಇಷ್ಟವಾ?

ಮನಸ್ಸು ಮರುಕ್ಷಣವೇ ಹೌದು ಎಂದಿತು.

*

ಅದಾದ ಕೆಲವು ವಾರಗಳ ಮೇಲೆ, ಒಂದು ಭಾನುವಾರ. ಅವನು ಇನ್ನೂ ಬಂದಿರಲಿಲ್ಲ. ಅಧ್ಯಕ್ಷರು ಅವಳನ್ನು ಕಂಡು ಸಂಭ್ರಮದಿಂದ ಎದ್ದರು.

"ಬಾಮ್ಮ ಬಾ! ಅಂತೂ ನಿನ್ನ ಕೇಸು ಮುಗೀತಲ್ಲ. ಹಾರುವ ಕಾಗದದ ದೀಪ ಅಂತ ಪತ್ತೆಯಾಯ್ತಂತೆ. ನನಗೆ ನಿರಾಸೆಯೇ, ಆದರೂ ಸತ್ಯ ಸತ್ಯವೇ."

"ಏನು... ಮುಗೀತು?"

"ಹೇಳಲಿಲ್ವಾ ನಿನಗೆ? ಪತ್ತೆ ಮಾಡಿ ಮೂರು ತಿಂಗಳಾಯ್ತು! ನಿನ್ನೆ ಬಾಯಿಜಾರಿ ನನ್ನ ಹತ್ರ ಅಂದ..."

ಅವಳು ತಟ್ಟನೆ ತಿರುಗಿ ಮೆಟ್ಟಿಲಿನ ಕಡೆ ನಡೆದಳು.

ಮೂರು ತಿಂಗಳು! ಹಾಗಾದರೆ ತಾರಸಿಯಲ್ಲಿ ನಿಂತು ತಾನು ಕೈ ಚಾಚಿ ಚಾಚಿ ತೋರಿಸುವಾಗ ಅವನಿಗೆ ಎಲ್ಲಾ ಗೊತ್ತಿತ್ತು. ಹೂಂಗುಟ್ಟುತ್ತಿದ್ದ. ಮನಸ್ಸಿನೊಳಗೆ ನಗುತ್ತಿದ್ದನೇನೋ!

ಅವನು ಮೆಟ್ಟಿಲ ಮೇಲೇ ಸಿಕ್ಕ. ಅವಳ ಮುಖ ನೋಡಿದ್ದೇ ಅವನಿಗೆ ಅರ್ಥವಾಯಿತು.

"ನನ್ನ ಮಾತು ಕೇಳಿ..."

"ಏನು ಕೇಳೋದು? ನಾನೊಂದು ಕೇಸು! ಅಲ್ವಾ? ಉಳಿದವರು ಎದುರಿಗೇ ನಕ್ಕರು. ನೀವು ಮನೆಗೆ ಬಂದು, ಕಾಫಿ ಕುಡಿದು, ನಕ್ಕಿರಿ!"

"ಖಂಡಿತ ಇಲ್ಲ! ನಾನು ಒಬ್ಬರಿಗೆ ಮಾತು ಕೊಟ್ಟಿದ್ದೆ, ಅದಕ್ಕೇ..."

"ಸಾಕು! ಇನ್ನೊಂದು ಸಲ ನಮ್ಮ ಮನೆ ಮೆಟ್ಟಿಲು ಹತ್ತಬೇಡಿ!"

ಅವನನ್ನು ದಾಟಿ ಇಳಿದುಹೋದಳು. ತನ್ನ ಮಾತನ್ನು ಪೂರ್ತಿ ಕೇಳುವವರಿಲ್ಲ ಎಂದು ವರ್ಷಗಟ್ಟಲೆ ಕೊರಗಿದವಳು, ಅವತ್ತು ಅವನ ಮಾತನ್ನು ಅರ್ಧಕ್ಕೇ ಕತ್ತರಿಸಿದಳು. ಏನು ಮಾಡುವುದು... ನೊಂದ ಮನಸ್ಸಿಗೆ ಕಿವಿ ಇರುವುದಿಲ್ಲ.

*

ಅವನು ಬರಲಿಲ್ಲ. ಬರಬೇಡಿ ಎಂದದ್ದು ಅವಳೇ. ಆದರೂ ಅಂಗಡಿಯ ಬಾಗಿಲು ಕಿರ್ ಎಂದಾಗಲೆಲ್ಲ ಅವಳ ತಲೆ ತಾನಾಗಿ ಮೇಲೇಳುತ್ತಿತ್ತು.

"ಊಟ ಸರಿಯಾಗಿ ಮಾಡ್ತಿಲ್ಲ ನೀನು," ಎಂದಳು ಅತ್ತಿಗೆ.

"ಹಸಿವಿಲ್ಲ ಅತ್ತಿಗೆ."

"ಹಸಿವಿಲ್ಲದ್ದಕ್ಕೆ ಕಾರಣ ನನಗೂ ಗೊತ್ತು, ನಿನಗೂ ಗೊತ್ತು."

ಅದೇ ವಾರ, ಅಣ್ಣನಿಗೆ ರಜೆ ಇದ್ದ ಬೆಳಗ್ಗೆ, ಮನೆಗೆ ಒಬ್ಬ ಹೆಂಗಸು ಬಂದಳು. ಒಗೆದು ಒಗೆದು ಬೆಳ್ಳಗಾದ ಕೈಬೆರಳು. ನೀರಿನ ಟ್ಯಾಂಕಿನ ಆಚೆ ಲಾಂಡ್ರಿ ಅಂಗಡಿ ಇಟ್ಟವಳಂತೆ. ಕೂರಿ ಎಂದರೂ ಕೂರಲಿಲ್ಲ.

"ನಿಮ್ಮ ಹತ್ರ ಕ್ಷಮೆ ಕೇಳೋಕೆ ಬಂದೆ ತಂಗಿ. ಆ ದೀಪ ಬಿಟ್ಟಿದ್ದು ನಾನು... ನಾನು ಮತ್ತೆ ನನ್ನ ಇಬ್ಬರು ಹೆಣ್ಣುಮಕ್ಕಳು."

ಅಣ್ಣ ಪೇಪರ್ ಕೆಳಗಿಟ್ಟ.

"ನಮ್ಮ ಮನೆಯವರು ತೀರಿಕೊಂಡು ಅವತ್ತಿಗೆ ಒಂದು ವರ್ಷ. ಅವರಿದ್ದಾಗ ಮಕ್ಕಳಿಗೆ ಕಾಗದದ ದೀಪ ಮಾಡಿ ಹಾರಿಸ್ತಿದ್ರು. ನಾವು ಮೂವರೂ ಒಂದೊಂದು ಮಾಡಿದ್ವಿ. ಚಿಕ್ಕವಳು ಅತ್ತಳು, ನನ್ನ ದೀಪ ಒಂದೇ ಆಗಿ ಕಳೆದುಹೋದ್ರೆ ಅಪ್ಪನಿಗೆ ಹೇಗೆ ಸಿಗುತ್ತೆ ಅಂತ. ಅದಕ್ಕೆ ಮೂರನ್ನೂ ಸಣ್ಣ ಬಿದಿರು ಕಡ್ಡಿಗೆ ಕಟ್ಟಿ ಬಿಟ್ವಿ... ಒಟ್ಟಿಗೇ ಹೋಗಲಿ ಅಂತ."

ಒಂದನ್ನೊಂದು ಬಿಡದೆ ತೇಲಿದ ಮೂರು ಬೆಳಕು!

"ಬೆಂಕಿ ದೀಪ ಹಾರಿಸೋದು ತಪ್ಪು, ದಂಡ ಹಾಕ್ತಾರೆ ಅಂತ ಆಮೇಲೆ ಗೊತ್ತಾಯ್ತು. ಟೀವಿಯಲ್ಲಿ ನಿಮ್ಮನ್ನ ತೋರಿಸಿದಾಗ ಹೆದರಿ ಸುಮ್ಮನಾದೆ. ನಿಮ್ಮ ಮದುವೆ ತಪ್ಪಿದ್ದು ನನಗೆ ತಿಳಿಯಲೇ ಇಲ್ಲ. ಆ ಲಿಫ್ಟಿನವರು ಗಾಳಿ ದಿಕ್ಕು ಹಿಡ್ಕೊಂಡು, ಮನೆ ಮನೆ ಕೇಳ್ಕೊಂಡು ನನ್ನ ಹತ್ರ ಬಂದಾಗಲೇ ಗೊತ್ತಾಗಿದ್ದು. ಯಾರಿಗೂ ಹೇಳಬೇಡಿ ಅಂತ ಕಾಲಿಗೆ ಬೀಳೋಕೆ ಹೋದೆ. ಅವರು ಮಾತು ಕೊಟ್ಟರು. ಒಂದು ವಾರ ಕಳೆದ ಮೇಲೆ ನನಗೇ ಮನಸ್ಸು ತಡೀಲಿಲ್ಲ. ಆ ತಂಗಿಗಾದರೂ ಹೇಳಿ ಅಂದೆ. ಅವರು ಹೇಳಿರ್ತಾರೆ ಅಂದುಕೊಂಡಿದ್ದೆ. ನಿನ್ನೆ ಅವರೇ ಬಂದು, 'ನಾನು ಹೇಳದೆ ತಪ್ಪು ಮಾಡಿದೆ, ನೀವೇ ಹೋಗಿ ಹೇಳಿದರೆ ಅವರು ನಂಬಿಯಾರು' ಅಂದರು. ಅವರ ಮುಖ ನೋಡೋಕಾಗಲಿಲ್ಲ ತಂಗಿ..."

ಅವಳು ಆ ಹೆಂಗಸಿನ ಒರಟು ಕೈಯನ್ನು ಹಿಡಿದುಕೊಂಡಳು. ಹಾರುವ ತಟ್ಟೆಯಲ್ಲ. ಬೇರೆ ಲೋಕದವರಲ್ಲ. ನಿರಾಸೆಯಾಗಬೇಕಿತ್ತು, ಆಗಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಿತ್ತು.

"ಅಕ್ಕಾ, ಅದು ತುಂಬಾ ಚಂದ ಇತ್ತು. ಮಕ್ಕಳಿಗೆ ಹೇಳಿ. ಮೂರೂ ಒಟ್ಟಿಗೇ ಹೋದವು. ಒಂದನ್ನೊಂದು ಬಿಡಲೇ ಇಲ್ಲ. ನಾನು ಕಣ್ಣಾರೆ ನೋಡಿದೀನಿ!"

ಲಾಂಡ್ರಿ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅತ್ತಿಗೆಯೂ ಅತ್ತಳು.

ಅಣ್ಣ ಎದ್ದು ಬಂದ. ತಂಗಿಯ ತಲೆಯ ಮೇಲೆ ಕೈಯಿಟ್ಟ.

"ನೀನು ನೋಡಿದ್ದನ್ನೇ ನೋಡಿಲ್ಲ ಅನ್ನು ಅಂತ ನಾನೇ ಹೇಳಿಕೊಟ್ಟೆನಲ್ಲ ಪುಟ್ಟಿ... ತಪ್ಪಾಯ್ತು."

ಅವಳು ಅಣ್ಣನ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ನಂತರ ಚಪ್ಪಲಿ ಹುಡುಕಿದಳು.

"ಎಲ್ಲಿಗೆ?" ಎಂದ ಅಣ್ಣ.

"ಸುಮ್ಮನಿರಿ, ಹೋಗಲಿ," ಎಂದಳು ಅತ್ತಿಗೆ.

*

ಅವನ ಆಫೀಸಿನಲ್ಲಿ ವಿಚಾರಿಸಿ, ಅವತ್ತು ಅವನ ಕೆಲಸವಿದ್ದ ದೊಡ್ಡ ಕಟ್ಟಡ ಹುಡುಕಿದಳು. 'ಲಿಫ್ಟ್ ಕೆಟ್ಟಿದೆ' ಎಂದು ಬೋರ್ಡು ತೂಗುತ್ತಿತ್ತು. ಮೆಟ್ಟಿಲು ಹತ್ತಿ ಹತ್ತಿ ಏದುಸಿರು ಬಂತು. ಒಂದು ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು. ನೆಲದ ಮಟ್ಟಕ್ಕೆ ಒಂದು ತಲೆ, ಎರಡು ಭುಜ. ಲಿಫ್ಟಿನ ನೆತ್ತಿಯ ಮೇಲೆ ನಿಂತು ಅವನು ತಂತಿ ಬಿಗಿಯುತ್ತಿದ್ದ. ಪಕ್ಕದ ಮೆಟ್ಟಿಲ ಮೇಲೆ ತರಕಾರಿ ಚೀಲ ಇಟ್ಟುಕೊಂಡು ಒಬ್ಬ ಅಜ್ಜಿ ಕಾಯುತ್ತಾ ಕೂತಿದ್ದರು.

"ನೀವು! ಇಲ್ಲಿ? ಹುಷಾರು, ಅಂಚಿಗೆ ಬರಬೇಡಿ!"

ಅವಳು ಅಂಚಿನಿಂದ ಎರಡು ಹೆಜ್ಜೆ ಹಿಂದೆ ನೆಲದ ಮೇಲೇ ಕೂತಳು. ಈಗ ಅವನ ಕಣ್ಣು, ಅವಳ ಕಣ್ಣು ಸರಿಸಮ.

"ಲಾಂಡ್ರಿ ಅಕ್ಕ ಬಂದಿದ್ದರು. ಎಲ್ಲಾ ಹೇಳಿದರು."

"ಹೇಳಿದರಾ... ಒಳ್ಳೆಯದಾಯ್ತು."

"ಮೊದಲು ನನ್ನ ತಪ್ಪು. ನೀವು ನನ್ನ ಮಾತು ಪೂರ್ತಿ ಕೇಳಿದ್ರಿ. ನಾನು ನಿಮ್ಮದು ಅರ್ಧಕ್ಕೇ ಬಿಟ್ಟೆ. ಕ್ಷಮಿಸಿ."

"ಅಯ್ಯೋ, ಅಷ್ಟೆಲ್ಲಾ..."

"ಇರಿ, ಇನ್ನೂ ಮುಗಿದಿಲ್ಲ! ನನಗೆ ಹೇಳಬಹುದು ಅಂತ ಅಕ್ಕ ಒಂದೇ ವಾರದಲ್ಲಿ ಒಪ್ಪಿದ್ದರಂತೆ. ಆಮೇಲೂ ಯಾಕೆ ಹೇಳಲಿಲ್ಲ?"

ಅವನು ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಕಿವಿ ಕೆಂಪಾಯಿತು.

"ಹೇಳಿದರೆ ನೀವು ನಗ್ತೀರಿ."

"ನಾನು ಯಾರನ್ನೂ ನೋಡಿ ನಗಲ್ಲ. ಅದರ ಕಷ್ಟ ನನಗೆ ಗೊತ್ತು."

"ಹೇಳಿಬಿಟ್ಟರೆ... ಕೇಸ್ ಮುಗಿಯುತ್ತೆ. ಮುಗಿದರೆ ನಿಮ್ಮ ಮನೆ ತಾರಸಿಗೆ ಬರೋಕೆ ನನಗೇನು ನೆಪ ಉಳಿಯುತ್ತೆ? ಇವತ್ತು ಹೇಳೋಣ ಅಂದುಕೊಂಡು ಬರ್ತಿದ್ದೆ. ನೀವು ಆಕಾಶ ತೋರಿಸೋದನ್ನ ನೋಡ್ತಾ, ನಾಳೆ ಹೇಳಿದರಾಯ್ತು ಅಂತ ವಾಪಸ್ ಹೋಗ್ತಿದ್ದೆ. ಮಾತು ಕೊಟ್ಟಿದ್ದೆ ಅನ್ನೋದು ಬರೀ ಮೊದಲ ಒಂದು ವಾರಕ್ಕೆ ಕಾರಣ. ಉಳಿದದ್ದೆಲ್ಲಾ ನನ್ನ ಸ್ವಾರ್ಥ."

ಅವಳು ಅವನ ಕಣ್ಣನ್ನೇ ನೋಡಿದಳು.

"ಅಂದರೆ...?"

"ಅಯ್ಯೋ, ಇಷ್ಟೂ ಅರ್ಥ ಆಗಲ್ವೇನಮ್ಮ?" ಮೆಟ್ಟಿಲ ಮೇಲಿನ ಅಜ್ಜಿಗೆ ತಡೆಯಲಾಗಲಿಲ್ಲ. "ಆ ಹುಡುಗನಿಗೆ ನೀನಂದ್ರೆ ಇಷ್ಟ ಕಣೇ! ಬೇಗ ಒಪ್ಕೊಂಡುಬಿಡು, ಅವನು ಲಿಫ್ಟ್ ಸರಿ ಮಾಡಲಿ. ನನಗೆ ಮಂಡಿನೋವು!"

ಇಬ್ಬರೂ ಒಟ್ಟಿಗೇ ನಕ್ಕರು. ನಗುನಗುತ್ತಲೇ ಅವಳ ಕಣ್ಣಿನಿಂದ ನೀರು ಇಳಿಯಿತು.

"ಅಜ್ಜಿ ಹೇಳಿದ್ದು ನಿಜಾನಾ?"

"ನಿಜ," ಎಂದ ಅವನು. ಈಗ ಅವನ ದನಿಯಲ್ಲಿ ನಗುವಿರಲಿಲ್ಲ. "ನಿಮ್ಮನ್ನ ಕಂಡರೆ ನನಗೆ ಪ್ರಾಣ."

ಅವನು ಲಿಫ್ಟಿನ ಮೇಲಿನಿಂದ ಹತ್ತಿ ಹೊರಗೆ ಬಂದ. ಮೈತುಂಬಾ ಕರಿ, ಎಣ್ಣೆ. ಅವಳು ಎದ್ದು ಅವನ ಕೈ ಹಿಡಿಯಲು ಹೋದರೆ ಹಿಂದಕ್ಕೆ ಎಳೆದುಕೊಂಡ.

"ಬೇಡ, ಪೂರ್ತಿ ಗ್ರೀಸು..."

"ಇರಲಿ."

ಬಿಗಿಯಾಗಿ ಹಿಡಿದುಕೊಂಡಳು. ಅವನು ಹಿಡಿದ ಕೈಗಳನ್ನೇ ನೋಡುತ್ತಾ ನಿಂತ.

"ಸಂಜೆ ಮನೆಗೆ ಬರಲಾ? ಆದರೆ ನಿಮ್ಮ ಅಣ್ಣನಿಗೆ ಏನಂತ ಹೇಳಲಿ?"

"ಏನೂ ಹೇಳೋದು ಬೇಡ. ಸುಮ್ಮನೆ ಬಾ."

ಅವನ ಕಣ್ಣು ಅರಳಿತು.

"ಈಗ ನನಗೆ... 'ಬಾ' ಅಂದ್ರಾ?"

"ಅಂದ್ರಾ ಅಲ್ಲ," ಎಂದಳು ಅವಳು, ದನಿ ತಗ್ಗಿಸಿ. "ಅಂದ್ಯಾ ಅನ್ನು."

"...ಅಂದ್ಯಾ?"

"ಹೂಂ. ಅಂದೆ. ಬಾ."